ವೈರ್‌ಲೆಸ್ ಲೈಟಿಗೂ ವೈರಿನ ಸಾಕೆಟ್ ಇರಲೇಬೇಕು

ಮದುವೆ ಸೀಸನ್ ಹತ್ತಿರ ಬಂತು ಅಂದರೆ ನಮ್ಮ ಕೊಡಗಿನ ಲೈಟಿಂಗ್‌ನವರ ವಾಟ್ಸ್ಯಾಪ್ ಗುಂಪಲ್ಲಿ ಒಂದೇ ಮಾತು. ಬ್ಯಾಟರಿ ಪಾರ್ (ಬಣ್ಣದ ಬೆಳಕು ಚೆಲ್ಲುವ ಲೈಟ್) ತಗೋಬೇಕು, ವೈರ್‌ಲೆಸ್ ಇರೋದೇ ಬೇಕು, ಯಾವುದು ಒಳ್ಳೆಯದು? ಡೀಲರ್ ಕಳಿಸುವ ಪಟ್ಟಿಯಲ್ಲಿ ಎಲ್ಲಾ ಫೀಚರ್ ಮುಂದೆಯೂ ಟಿಕ್ ಮಾರ್ಕ್ ಇರುತ್ತದೆ. ಅದನ್ನು ನೋಡಿ ಆರಿಸಬೇಡಿ. ಯಾವುದು ಇಲ್ಲದಿದ್ದರೆ ಆ ಲೈಟೇ ಬೇಡ, ಯಾವುದು ಇದ್ದರೂ ಸರಿ ಇಲ್ಲದಿದ್ದರೂ ಸರಿ ಅಂತ ಮೊದಲು ನೀವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನನ್ನ ಹಾಳೆಯಲ್ಲಿ ಮೊದಲ ಸಾಲು ಇದು: ಕನ್ಸೋಲ್‌ನಿಂದ (ಲೈಟುಗಳನ್ನು ಓಡಿಸುವ ಪೆಟ್ಟಿಗೆ) ಟ್ರಾನ್ಸ್‌ಮಿಟರ್ ಮೂಲಕ ಬರುವ ಸಿಗ್ನಲ್ ಹೋದಾಗ ಈ ಲೈಟ್ ಏನು ಮಾಡುತ್ತದೆ?

ಹೋಗೇ ಹೋಗುತ್ತದೆ ಸ್ವಾಮಿ. ಇವುಗಳಲ್ಲಿ ಹೆಚ್ಚಿನವು ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಲೈಸೆನ್ಸ್ ಬೇಡದ ಬ್ಯಾಂಡ್, ಹಾಗಾಗಿ ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲೇ ಬಂದು ಕೂತಿವೆ. ಮಡಿಕೇರಿಯಲ್ಲಿ ವಿಜಯದಶಮಿ ರಾತ್ರಿ ದಸರಾದ ಹತ್ತು ಮಂಟಪ (ಟ್ರ್ಯಾಕ್ಟರ್ ಮೇಲೆ ಕಟ್ಟಿದ ದೇವರ ಕಥೆಯ ದೃಶ್ಯ) ಹೊರಡುವಾಗ ರಸ್ತೆ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲ್. ಮನುಷ್ಯನ ಮೈಯಲ್ಲಿ ನೀರೇ ಜಾಸ್ತಿ ಅಲ್ವಾ, ಆ ನೀರು ಈ ತರಂಗವನ್ನು ಹೀರಿಕೊಳ್ಳುತ್ತದೆ. ‘ಅಣ್ಣಾ, ಮಧ್ಯಾಹ್ನ ಟೆಸ್ಟ್ ಮಾಡಿದಾಗ ಸರಿ ಇತ್ತಲ್ಲಾ’ ಅಂತ ಹುಡುಗರು ತಲೆ ಕೆರೆದುಕೊಳ್ಳುವುದು ಇದಕ್ಕೇ, ಮಧ್ಯಾಹ್ನ ರಸ್ತೆ ಖಾಲಿ ಇತ್ತು. ಕೆಲವರು ಮಂಜನ್ನು ಬೈಯುತ್ತಾರೆ. ಪಾಪ, ಈ ದೂರಕ್ಕೆ ಮಂಜು ಲೆಕ್ಕಕ್ಕೇ ಬರುವುದಿಲ್ಲ. ನೆನೆದ ಮರ, ಜನ, ಟ್ರ್ಯಾಕ್ಟರಿನ ಕಬ್ಬಿಣ, ಇವೇ ಅಡ್ಡ. ಟ್ರಾನ್ಸ್‌ಮಿಟರನ್ನು ಜನರ ತಲೆಗಿಂತ ಮೇಲೆ ಕಟ್ಟಿದರೆ ಅರ್ಧ ತಲೆನೋವು ಕಡಿಮೆ.

ಉಳಿದ ಅರ್ಧಕ್ಕೆ ಮೆನುವಿನಲ್ಲಿ ಒಂದು ಸೆಟ್ಟಿಂಗ್ ಬೇಕು. ಸಿಗ್ನಲ್ ಹೋದರೆ ಕೊನೆಯ ಬಣ್ಣವನ್ನೇ ಹಿಡಿದುಕೊಂಡಿರಬೇಕೋ, ಆರಬೇಕೋ ಅನ್ನುವುದನ್ನು ನಾವು ಹೇಳುವಂತಿರಬೇಕು. ಕೆಲವು ಅಗ್ಗದ ಲೈಟ್‌ಗಳು ಸಿಗ್ನಲ್ ತಪ್ಪಿದ ಕೂಡಲೇ ಆಟೋಗೆ ಹೋಗಿ ಕೆಂಪು ಹಸಿರು ಅಂತ ಕುಣಿಯಲು ಶುರು ಮಾಡುತ್ತವೆ. ಮಂಟಪದಲ್ಲಿ ದೇವಿ ತ್ರಿಶೂಲ ಎತ್ತುವ ಹೊತ್ತಿಗೆ ಡಿಸ್ಕೋ ಬೇಕಾ ನಮಗೆ?

ಎರಡನೆಯದು ವೈರಿನ ಡಿಎಂಎಕ್ಸ್ (ಕನ್ಸೋಲ್ ಲೈಟಿಗೆ ಅಪ್ಪಣೆ ಕೊಡುವ ಭಾಷೆ) ಇನ್ ಮತ್ತು ಔಟ್ ಸಾಕೆಟ್. ವೈರ್‌ಲೆಸ್ ಲೈಟಿಗೆ ಇದೇಕೆ ಅನ್ನಬೇಡಿ. ಡಿಎಂಎಕ್ಸ್512 ಬಂದಿದ್ದು 1986ರಲ್ಲಿ. ಒಂದು ಕೇಬಲ್‌ನಲ್ಲಿ 512 ಚಾನೆಲ್, ಯಾವ ಕಂಪನಿಯ ಕನ್ಸೋಲ್‌ನಿಂದ ಯಾವ ಕಂಪನಿಯ ಲೈಟನ್ನಾದರೂ ಓಡಿಸಬಹುದು. ವೈರ್‌ಲೆಸ್‌ನಲ್ಲಿ ಹಾಗೆ ಎಲ್ಲರೂ ಒಪ್ಪಿದ ಒಂದು ಭಾಷೆ ಇಲ್ಲ. ಸಿಆರ್‌ಎಂಎಕ್ಸ್ ಒಂದು, ಡಬ್ಲ್ಯೂ-ಡಿಎಂಎಕ್ಸ್ ಇನ್ನೊಂದು, ಲೈಟಿಗೆ ಚುಚ್ಚುವ ಅಗ್ಗದ ಡಾಂಗಲ್‌ಗಳದ್ದು ಬೇರೆಯೇ. ಒಂದರ ಮಾತು ಇನ್ನೊಂದಕ್ಕೆ ತಿಳಿಯದಿದ್ದಾಗ ಕೈಹಿಡಿಯುವುದು ವೈರೇ. ಆ ಡಾಂಗಲ್‌ಗಳಲ್ಲಿ ಸಾಮಾನ್ಯವಾಗಿ ಏಳೇ ಗುಂಪು ಇರುತ್ತವೆ, ಬಟನ್ ಒತ್ತಿದಂತೆ ಪುಟ್ಟ ಎಲ್‌ಇಡಿ ಬಣ್ಣ ಬದಲಾಗುತ್ತದೆ. ನೀವು ಹಸಿರಿಗೆ ಇಟ್ಟಿದ್ದೀರಿ, ಪಕ್ಕದ ಮಂಟಪದವರೂ ಹಸಿರಿಗೇ ಇಟ್ಟಿದ್ದಾರೆ ಅಂದರೆ ಮುಗಿಯಿತು, ಇಬ್ಬರ ಲೈಟೂ ಮಿಟಿಮಿಟಿ. ಟ್ರಾನ್ಸ್‌ಮಿಟರ್ ಜೊತೆ ಜೋಡಿ ಮಾಡಿ ಲಾಕ್ ಮಾಡುವಂಥದ್ದಾದರೆ ಈ ಗೋಳಿಲ್ಲ. ದುಡ್ಡು ಜಾಸ್ತಿ, ನಿಜ. ಒಂದೇ ಹಾಲ್‌ನಲ್ಲಿ ಮದುವೆ ಮಾಡುವವರಿಗೆ ಅಗತ್ಯವೂ ಇಲ್ಲ. ದಸರಾ ಕೆಲಸ ಹಿಡಿಯುವವರು ಮಾತ್ರ ಇಲ್ಲಿ ಉಳಿತಾಯ ಮಾಡಬಾರದು.

ಮಳೆಯ ಬಗ್ಗೆ ನಮ್ಮೂರವರಿಗೆ ಹೇಳುವುದೇನಿದೆ. ಐಪಿ65 (ಧೂಳು, ಚಿಮ್ಮುವ ನೀರು ಒಳಗೆ ಹೋಗದ ಮಟ್ಟ) ಕಡ್ಡಾಯ, ಅಷ್ಟೇ. ಆದರೆ ಚಾರ್ಜಿಂಗ್ ಸಾಕೆಟ್‌ನ ರಬ್ಬರ್ ಮುಚ್ಚಳ ಕಿತ್ತುಹೋದ ಮೇಲೆ ಆ 65ಕ್ಕೆ ಅರ್ಥವಿಲ್ಲ. ಮುಚ್ಚಳ ಬಿಡಿಯಾಗಿ ಸಿಗುತ್ತದಾ ಅಂತ ಮೊದಲೇ ಕೇಳಿ.

ಬ್ಯಾಟರಿ ವಿಷಯದಲ್ಲಿ ‘ಹತ್ತು ಗಂಟೆ ಬರುತ್ತೆ’ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಕೆಂಪು ಒಂದೇ ಹತ್ತಿಸಿದರೆ ನಾಲ್ಕು ಬಣ್ಣದ ಎಲ್‌ಇಡಿಯಲ್ಲಿ ಒಂದೇ ಉರಿಯುತ್ತದೆ, ಹತ್ತು ಗಂಟೆ ಬರದೆ ಏನು? ನಾಲ್ಕೂ ಬಣ್ಣ ಪೂರ್ತಿ ಉರಿಸಿ ಎಷ್ಟು ಹೊತ್ತು ಬರುತ್ತದೆ ಹೇಳಲಿ. ಫ್ಲಿಕರ್ (ಕ್ಯಾಮೆರಾಗೆ ಕಾಣುವ ಮಿನುಗು) ಇಲ್ಲದಿರುವುದು ಕೂಡ ಕಡ್ಡಾಯದ ಸಾಲಿಗೇ ಸೇರಬೇಕು. ಪಿಡಬ್ಲ್ಯೂಎಂ ಫ್ರೀಕ್ವೆನ್ಸಿ (ಎಲ್‌ಇಡಿ ಸೆಕೆಂಡಿಗೆ ಎಷ್ಟು ಸಲ ಹತ್ತಿ ಆರುತ್ತದೆ ಅನ್ನುವುದು) ಏರಿಸಲು ಬರದಿದ್ದರೆ ವಿಡಿಯೋದವನ ಸ್ಲೋ ಮೋಷನ್‌ನಲ್ಲಿ ಪಟ್ಟೆ ಪಟ್ಟೆ ಬಂದು ಬೈಗುಳ ನಮಗೆ ಬೀಳುತ್ತದೆ.

ಮೊಬೈಲ್ ಆಪ್? ನನ್ನ ಪಾಲಿಗೆ ಅದು ಆಯ್ಕೆ ಮಾತ್ರ. ಕಕ್ಕಬ್ಬೆ ಕಡೆ ತೋಟದೊಳಗಿನ ಹೋಮ್‌ಸ್ಟೇಯಲ್ಲಿ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ನಿಂತು, ಲಾಗಿನ್ ಆಗಿ, ಒಟಿಪಿ ಹಾಕಿ ಅನ್ನುವ ಆಪ್ ಹಿಡಿದುಕೊಂಡು ಏನು ಮಾಡುವುದು? ಲೈಟಿನ ಮೈಮೇಲೆ ನಾಲ್ಕು ಬಟನ್, ಕತ್ತಲಲ್ಲಿ ಓದಲು ಬರುವ ಒಂದು ಡಿಸ್‌ಪ್ಲೇ, ಅದರಲ್ಲಿ ಬ್ಯಾಟರಿ ಪರ್ಸೆಂಟ್, ಇದು ಕಡ್ಡಾಯ. ಯುವಿ ಬಣ್ಣ, ರಿಮೋಟ್ ಎಲ್ಲಾ ಕೊಟ್ಟರೆ ಕೊಡಲಿ.

ಆರ್‌ಡಿಎಂ (ಲೈಟಿನ ಸೆಟ್ಟಿಂಗನ್ನು ಕನ್ಸೋಲ್‌ನಿಂದಲೇ ಬದಲಾಯಿಸುವ ಸೌಲಭ್ಯ) ಬಗ್ಗೆ ಮಾತ್ರ ನನ್ನ ಮನಸ್ಸು ಅತ್ತಿತ್ತ ಆಡುತ್ತದೆ. ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಲೈಟಿನ ಅಡ್ರೆಸ್ಸನ್ನು (ಅದು ಯಾವ ಚಾನೆಲ್ ಕೇಳಬೇಕು ಅನ್ನುವ ಸಂಖ್ಯೆ) ಕೆಳಗೆ ಕೂತೇ ಬದಲಾಯಿಸಬಹುದು, ಏಣಿ ಬೇಡ, ಬಹಳ ಒಳ್ಳೆಯದು. ಆದರೆ ನಮ್ಮಲ್ಲಿರುವ ಸಣ್ಣ ಕನ್ಸೋಲ್‌ಗಳಲ್ಲಿ ಹೆಚ್ಚಿನವಕ್ಕೆ ಆರ್‌ಡಿಎಂ ಗೊತ್ತೇ ಇಲ್ಲ. ಕನ್ಸೋಲ್ ಬದಲಾಯಿಸುವ ಯೋಚನೆ ಇದ್ದರೆ ಕಡ್ಡಾಯಕ್ಕೆ ಹಾಕಿ, ಇಲ್ಲದಿದ್ದರೆ ಅದಕ್ಕೆ ಅಂತ ದುಡ್ಡು ಕೊಡಬೇಡಿ.

ಡೆಮೊಗೆ ಬಂದ ಡೀಲರ್‌ಗೆ ಲೈಟನ್ನು ಮರಕ್ಕೆ ಕಟ್ಟಲು ಹೇಳಿ. ಅದು ಓಡುತ್ತಿರುವಾಗಲೇ ಟ್ರಾನ್ಸ್‌ಮಿಟರಿನ ಪವರ್ ಕೀಳಿ. ಮತ್ತೆ ಕೊಟ್ಟಾಗ ಯಾರೂ ಏಣಿ ಹತ್ತದೆ ಎಲ್ಲವೂ ತಾವಾಗಿ ಕೂಡಿಕೊಂಡರೆ ಮಾತ್ರ ಆಮೇಲೆ ರೇಟ್ ಮಾತಾಡಿ.