ಎತ್ತಿ ಕೂಡಿಸಿದ್ರ ಮುಗೀತೇನ್ರೀ?

ನಿನ್ನೆ ರಾತ್ರಿ ಬಾಗಲಕೋಟಿ ಕಡೆ ಒಂದು ಜಾತ್ರ್ಯಾಗ ಶ್ರೀಕೃಷ್ಣ ಪಾರಿಜಾತ ಅನ್ನೂ ಜನಪದ ನಾಟಕ ಇತ್ತು. ಸನ್ಮಾನಕ್ಕಂತ ಪೇಟಿ (ಹಾರ್ಮೋನಿಯಂ) ಮಾಸ್ತರರನ್ನ ನಾಲ್ಕು ಹುಡುಗರು ಗಾಲಿಕುರ್ಚಿ ಸಮೇತ ಸ್ಟೇಜಿಗೆ ಎತ್ತಿದ್ರು. ಮಂದಿ ಚಪ್ಪಾಳಿ ಹೊಡೆದ್ರು. ಮಾಸ್ತರು ಕುರ್ಚಿಯ ಕೈ ಗಟ್ಟಿ ಹಿಡಕೊಂಡು ಕಣ್ಣು ಮುಚ್ಚಿದ್ರು. ಹತ್ತಿರಿಂದ ನೋಡಿದವರಿಗೆ ಚಪ್ಪಾಳಿ ಹೊಡೆಯಾಕ ಮನಸ್ಸು ಬರ್ತಿದ್ದಿಲ್ಲ.

ಬಾಜೂಕ ರ‍್ಯಾಂಪ್ ಇತ್ತು. ಮೂರು ಫೂಟ ಎತ್ತರದ ಸ್ಟೇಜಿಗೆ ಎಂಟು ಫೂಟ ಹಲಗಿ! ಅದರ ಮ್ಯಾಲೆ ಹತ್ತಿಸಿದ್ರ ಕುರ್ಚಿ ಹಿಂದಕ್ಕ ಮಗಚತೈತಿ. ಒಂದು ಫೂಟ ಎತ್ತರಕ್ಕ 12 ಫೂಟ ಉದ್ದ ಬೇಕು, ಅಂದ್ರ ಮೂರಕ್ಕ 36. ಜಾಗಾ ಸಾಲದಿದ್ರ 18ರ ಎರಡು ತುಂಡು ಮಾಡಿ, ಮೂಲಿ ತಿರುವಿನ್ಯಾಗ 5 ಫೂಟ ಚೌಕದ ಸಪಾಟ ಜಾಗಾ ಬಿಡ್ರಿ. ಇಲ್ಲಾ, ಸ್ಟೇಜನ್ನೇ ಒಂದೂವರಿ ಫೂಟಿಗೆ ಇಳಿಸ್ರಿ. ಅಗಲ 4 ಫೂಟ, ಎರಡೂ ಬದಿ ಹಿಡಕೊಳ್ಳಾಕ ಪೈಪ್, ಅಂಚಿಗೆ 4 ಇಂಚಿನ ಪಟ್ಟಿ. ಪಟ್ಟಿ ಇಲ್ಲಂದ್ರ ಮುಂದಿನ ಸಣ್ಣ ಗಾಲಿ ಹೊರಗ ಇಳೀತೈತಿ. ಮ್ಯಾಲೆ ಹಸರ ಮ್ಯಾಟ್ ಬ್ಯಾಡ. ಸುಕ್ಕಿನ್ಯಾಗ ಗಾಲಿ ಸಿಗತೈತಿ, ಇಬ್ಬನಿ ಬಿದ್ರ ಜಾರತೈತಿ. ನಮ್ಮ ಎರಿ ಮಣ್ಣಿನ ಬಯಲಾಗ ರಸ್ತಾದಿಂದ ಕೂಡೂ ಜಾಗಾದ ತನಕ ಹಲಗಿ ಹಾಸಲೇಬೇಕು.

'ಅಂಥವರು ಎಷ್ಟ ಮಂದಿ ಬರ್ತಾರ್ರೀ' ಅಂತ ಕಮಿಟಿಯವರು ಕೇಳ್ತಾರ. ದಾರಿ ಇಲ್ಲದ ಕಡೆ ಬಂದವರನ್ನ ಎಣಿಸಿ ಏನು ತಿಳೀತೈತಿ? 'ಹುಡುಗರು ಅದಾರಲ್ಲ, ಎತ್ತತಾರ' ಅನ್ನೂದು ಇನ್ನೊಂದು ಮಾತು. ಸನ್ಮಾನ ಮುಗಿದ ಮ್ಯಾಲೆ ಆ ನಾಲ್ವರೊಳಗ ಇಬ್ಬರು ಮಿರ್ಚಿಭಜಿ ತಿನ್ನಾಕ ಹೋಗಿದ್ರು. ಅವರು ಬರೂತನಕ ಮಾಸ್ತರು ಸ್ಟೇಜಿನ ಮೂಲ್ಯಾಗ ಶಾಲು ಹೊದ್ದು ಕಾಯಕೋತ ಕುಂತಿದ್ರು. ಬೆಳತನಕ ನಡಿಯೂ ಆಟ ಇದು. ನಡುರಾತ್ರಿ ಒಂದಕ್ಕ ಹೋಗಬೇಕಾದ ಗಾಲಿಕುರ್ಚಿಯ ಹೆಣ್ಣಮಗಳು ಯಾವ ಹುಡುಗರನ್ನ ಕರೀಬೇಕು? ಹೊರಗ ತೆರೆಯೂ 3 ಫೂಟ ಅಗಲದ ಬಾಗಲಿನ ಪಾಯಖಾನಿ ಒಂದರೆ ಬ್ಯಾಡೇನು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಮು ಕಲೆ ಇವರಿಗೆ ಎಟಕೂ ಹಂಗ ಮಾಡ್ರಿ ಅಂತ ಸರಕಾರಕ್ಕ, ಸ್ಥಳೀಯ ಸಂಸ್ಥೆಗಳಿಗೆ ಹೇಳೈತಿ. ಎತ್ತಿ ಕೂಡಿಸ್ರಿ ಅಂತ ಎಲ್ಲೂ ಹೇಳಿಲ್ಲ.

ಕಣ್ಣು ಕಾಣದವರಿಗೆ ಪಾರಿಜಾತ ಛಲೋ ಹೊಂದತೈತಿ. ಭಾಗವತ, ಅಂದ್ರ ಆಟ ನಡಸೂ ಹಾಡುಗಾರ, ಪ್ರಶ್ನೆ ಕೇಳಿ ಕೇಳಿ ಪಾತ್ರದ ಬಾಯಿಂದನ ಕಥಿ ಹೊರಡಸ್ತಾನ. ಉಳದದ್ದು ವೇಷ. ಆಟಕ್ಕ ಮೊದಲ ಕಾಲು ತಾಸು ಕಿರೀಟ, ಭುಜಕೀರ್ತಿ, ಗೆಜ್ಜಿ ಮುಟ್ಟಿ ನೋಡಾಕ ಬಿಡ್ರಿ, ಪಾತ್ರಧಾರಿ ಅಲ್ಲೇ ತನ್ನ ದನಿಯಾಗ ಹೆಸರು ಹೇಳಲಿ. ಕಿವಿ ಕೇಳದವರಿಗೆ ಸನ್ನೆ ಭಾಷೆಯ ಇಬ್ಬರು ದುಭಾಷಿಗಳು ಬೇಕು, 20-30 ನಿಮಿಷಕ್ಕೊಮ್ಮೆ ಬದಲಿ ಆಗಾಕ. ಭಾಗವತನ ಬಾಜೂಕ ನಿಲ್ಲಿಸಿ ಬ್ಯಾರೆ ಲೈಟ್ ಹಾಕ್ರಿ. ಸ್ಟೇಜ್ ಕತ್ತಲಾದಾಗೂ ಅದು ಆರಬಾರದು. ಆಟದ ಪದಗಳ ಒಂದು ಪ್ರತಿ, ಒಂದು ವಾರ ಮೊದಲ ದುಭಾಷಿಗಳ ಕೈಗೆ ಸೇರಲಿ. ಸತ್ಯಭಾಮೆಯ ಸಿಟ್ಟಿನ ಪದಾನ ನಿಂತ ಕಾಲಮ್ಯಾಲೆ ಸನ್ನೆಗೆ ತರಾಕ ಯಾರಿಗೂ ಆಗೂದಿಲ್ಲ.

ಇದನ್ನೆಲ್ಲಾ ಜಾತ್ರಿ ದಿನ ಹೇಳಿ ಉಪಯೋಗ ಇಲ್ಲ. ಪೆಂಡಾಲಿನವರಿಗೆ ಅಡ್ವಾನ್ಸ್ ಕೊಡೂ ದಿನನ ಅಳತಿ ಬರದು ಕೊಡ್ರಿ. ಕಂಬ ಹುಗದ ಮ್ಯಾಲೆ 36 ಫೂಟ ಜಾಗಾ ಎಲ್ಲೂ ಸಿಗೂದಿಲ್ಲ.