ಹವಾಮಾನದ ನಕ್ಷೆ ಮಕ್ಕಳ ಕೈಗೇ ಸಿಗಬೇಕು

ಹವಾಮಾನ ಬದಲಾವಣೆ ಪಾಠ ಬಂತು ಅಂದರೆ ನಮ್ಮ ಶಾಲೆಗಳಲ್ಲಿ ನಡೆಯುವುದು ಒಂದೇ ಥರ. ಹಸಿರುಮನೆ ಪರಿಣಾಮದ ಚಿತ್ರ ಬರೆಸುತ್ತೇವೆ, ಕಾರಣಗಳು ಐದು, ಪರಿಣಾಮಗಳು ಐದು ಅಂತ ನೋಟ್ಸ್ ಕೊಡುತ್ತೇವೆ, ಗಿಡ ನೆಡಿ ಅನ್ನುತ್ತೇವೆ, ಪರೀಕ್ಷೆ ಮುಗಿಯುತ್ತದೆ. ನಾನು ಬೆಂಗಳೂರಿನ ಒಂದು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಈಗ ಈ ಪಾಠವನ್ನು ಕಂಪ್ಯೂಟರಿನ ನಕ್ಷೆಯಿಂದಲೇ ಶುರು ಮಾಡುತ್ತೇನೆ. ಎಲ್ಲ ಮೇಷ್ಟ್ರುಗಳೂ ಹಾಗೆ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ನಾವೇ ಮೌಸ್ ಹಿಡಿದು ತೋರಿಸಿ ಮುಗಿಸಿದರೆ ಏನೂ ಉಪಯೋಗ ಇಲ್ಲ, ಒತ್ತುವವರು ಮಕ್ಕಳೇ ಆಗಬೇಕು.

ಹವಾಮಾನ ಬದಲಾವಣೆ ಬಗ್ಗೆ ವರದಿ ಕೊಡುವ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಐಪಿಸಿಸಿಯವರ ಇಂಟರಾಕ್ಟಿವ್ ಅಟ್ಲಾಸ್ ಅಂತ ಒಂದು ನಕ್ಷೆಗಳ ವೆಬ್‌ಸೈಟ್ ಇದೆ. 2021ರ ಆಗಸ್ಟ್‌ನಲ್ಲಿ ಅವರ ಆರನೇ ವರದಿಯ ಜೊತೆಗೇ ಬಂತು. ದುಡ್ಡು ಕೊಡಬೇಕಿಲ್ಲ. ಉಷ್ಣಾಂಶ ಬೇಕಾ, ಮಳೆ ಬೇಕಾ, ಭೂಮಿ 1.5 ಡಿಗ್ರಿ ಬಿಸಿಯಾದರೆ ಹೇಗೆ, 2 ಆದರೆ, 3 ಆದರೆ ಹೇಗೆ, ಎಲ್ಲವನ್ನೂ ಆರಿಸಿ ನೋಡಬಹುದು. ಮೊದಲ ಸಲ ತೆರೆದಾಗ ಮಕ್ಕಳ ಕಣ್ಣಿಗೆ ಬೀಳುವುದು ಉತ್ತರ ಧ್ರುವದ ಕಡೆಯ ಕಡು ಕೆಂಪು. ಒಬ್ಬ ಹುಡುಗ ಕೇಳಿಯೇಬಿಟ್ಟ, "ಮಿಸ್, ಅಲ್ಲಿ ರಾಯಚೂರಿಗಿಂತ ಬಿಸಿಲು ಜಾಸ್ತಿನಾ?"

ಎಂಥ ಒಳ್ಳೆ ಪ್ರಶ್ನೆ ನೋಡಿ! ಆ ಬಣ್ಣ ಹೇಳುವುದು ಎಷ್ಟು ಬಿಸಿ ಅಂತಲ್ಲ. ಆ ಜಾಗ ತನ್ನ ಹಳೆಯ ಸರಾಸರಿಗಿಂತ ಎಷ್ಟು ಹೆಚ್ಚು ಬಿಸಿಯಾಗುತ್ತದೆ ಅಂತ. ಬಿಳಿ ಮಂಜುಗಡ್ಡೆ ಬಿಸಿಲನ್ನು ವಾಪಸ್ ಕಳಿಸುತ್ತಿತ್ತು, ಅದು ಕರಗಿದರೆ ಕೆಳಗಿನ ಕಪ್ಪು ಸಮುದ್ರ ಬಿಸಿಲನ್ನು ಹೀರುತ್ತದೆ, ಇನ್ನಷ್ಟು ಕರಗುತ್ತದೆ. ಅದಕ್ಕೇ ಅಲ್ಲಿ ಏರಿಕೆ ಅಷ್ಟು ಜೋರು. ಇದನ್ನು ನೋಟ್ಸಿನಲ್ಲಿ ಬರೆಸಿದರೆ ಮರೆಯುತ್ತಾರೆ, ತಾವೇ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಮರೆಯುವುದಿಲ್ಲ. ಅವತ್ತಿನಿಂದ ಯಾವ ನಕ್ಷೆ ತೆರೆದರೂ ನಮ್ಮ ತರಗತಿಯಲ್ಲಿ ಮೊದಲು ಕೇಳುವುದು "ಯಾವ ವರ್ಷಗಳಿಗೆ ಹೋಲಿಸಿ?" ಅಂತ. ಅಟ್ಲಾಸ್‌ನಲ್ಲಿ ಅದನ್ನೂ ಬದಲಾಯಿಸಬಹುದು. 1850ರಿಂದ 1900ರ ಸರಾಸರಿಗೆ ಹೋಲಿಸಿದರೆ ಒಂದು ಬಣ್ಣ, 1995ರಿಂದ 2014ಕ್ಕೆ ಹೋಲಿಸಿದರೆ ಇನ್ನೊಂದು. ಆ ಎರಡು ಕಾಲದ ನಡುವೆಯೇ ಭೂಮಿ ಹತ್ತಿರ ಹತ್ತಿರ 0.85 ಡಿಗ್ರಿ ಬಿಸಿಯಾಗಿತ್ತಲ್ಲ, ಹೋಲಿಕೆಯ ವರ್ಷ ಮುಂದೆ ಸರಿಸಿದರೆ ಅಷ್ಟು ಏರಿಕೆ ಲೆಕ್ಕದಿಂದಲೇ ಹೊರಗೆ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಬರುವ ನಕ್ಷೆಗಳನ್ನು ನೋಡುವಾಗ ಈ ಒಂದು ಅಭ್ಯಾಸ ಇದ್ದರೆ ಸಾಕು, ಎಷ್ಟೋ ಮೋಸ ತಪ್ಪುತ್ತದೆ.

ಆಮೇಲೆ ಎಲ್ಲ ಮಕ್ಕಳೂ ಮಾಡುವ ಕೆಲಸ ಒಂದೇ, ಜೂಮ್ ಮಾಡಿ ತಮ್ಮ ಏರಿಯಾ ಹುಡುಕುವುದು. ಸಿಗುವುದಿಲ್ಲ. ಅಟ್ಲಾಸ್‌ನ ಹೊಸ ಮಾದರಿಗಳ (ಅಂದರೆ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳ) ನಕ್ಷೆಯಲ್ಲಿ ಒಂದು ಚೌಕ ಅಂದರೆ ಒಂದು ಡಿಗ್ರಿ, ಅಂದರೆ ಸುಮಾರು 110 ಕಿಲೋಮೀಟರ್. ಇಡೀ ಬೆಂಗಳೂರು ಅದರ ಒಂದು ಮೂಲೆಯಲ್ಲಿ ಹಿಡಿಸಿಬಿಡುತ್ತದೆ. ಕಬ್ಬನ್ ಪಾರ್ಕ್, ಪೀಣ್ಯ ಎರಡಕ್ಕೂ ಅಲ್ಲಿ ಒಂದೇ ಬಣ್ಣ. ನನ್ನ ಪ್ರಕಾರ ಪಾಠದ ಜೀವ ಇರುವುದು ಇಲ್ಲೇ. ಈ ಅಟ್ಲಾಸ್ ಮುಚ್ಚಿ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ತೆರೆಯಬೇಕು. 1984ರಿಂದ ಉಪಗ್ರಹ ತೆಗೆದ ಚಿತ್ರಗಳು ವರ್ಷ ವರ್ಷಕ್ಕೆ ಓಡುತ್ತವೆ. ಬೆಳ್ಳಂದೂರು, ವರ್ತೂರು, ವೈಟ್‌ಫೀಲ್ಡ್ ಕಡೆ ಇಟ್ಟು ನೋಡಿ. ಹೊಲ, ತೋಪು ಹೋಗಿ ಕಾಂಕ್ರೀಟ್ ಬರುವುದನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಅದಕ್ಕೂ ಹಿಂದಿನದನ್ನು ನಾವು ಹೇಳಬೇಕು: ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ ಅಂತ.

ಈಗ ಕೇಳಿ, 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರಲ್ಲ, ಅದು ಹವಾಮಾನ ಬದಲಾವಣೆಯಾ, ರಾಜಕಾಲುವೆ ಒತ್ತುವರಿಯಾ? ತರಗತಿ ಎರಡು ಭಾಗ ಆಗುತ್ತದೆ, ಜೋರು ಜಗಳ. ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಕಲಿತ ಮಗು ಮುಂದೆ ಯಾರೇ "ಎಲ್ಲಾ ಪ್ರಕೃತಿ ವಿಕೋಪ" ಅಂತ ಕೈ ತೊಳೆದುಕೊಂಡರೂ ಸುಮ್ನೆ ಒಪ್ಪಿಕೊಳ್ಳುವುದಿಲ್ಲ.

ಮಳೆಯ ನಕ್ಷೆಯಲ್ಲೂ ಇಂಥದೇ ಒಂದು ಮಜಾ ಇದೆ. ಮುಂದೆ ನಮ್ಮ ಕಡೆ ಮುಂಗಾರು ಮಳೆ ಒಟ್ಟಾರೆ ಜಾಸ್ತಿ ಅಂತ ಬರುತ್ತದೆ. ಮಕ್ಕಳಿಗೆ ಖುಷಿ, ಒಳ್ಳೇದೇ ಅಲ್ವಾ ಮಿಸ್, ಅನ್ನುತ್ತಾರೆ. ಆಗ ಒಂದೇ ದಿನದಲ್ಲಿ ಬೀಳುವ ಅತಿ ಹೆಚ್ಚು ಮಳೆ ಅನ್ನುವ ಇನ್ನೊಂದು ನಕ್ಷೆ ತೆರೆಸಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ, ಸುರಿದರೆ ಒಟ್ಟಿಗೇ ಸುರಿಯುತ್ತದೆ. 2024ರ ಮಾರ್ಚ್‌ನಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾದ ಊರಿದು. ಅದೇ ವರ್ಷ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಬಂತು. ಆ ಒಂದು ಮಳೆಗೆ ಇದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಒಟ್ಟು ಮಳೆ ಹೆಚ್ಚಿದರೂ ಕೊಡ ಖಾಲಿ ಇರಬಹುದು ಅನ್ನುವುದು ಬೆಂಗಳೂರಿನ ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತದೆ.

ಒಂದು ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ. ಕೆಲವರು ಮಕ್ಕಳಿಗೆ ಮುಟ್ಟಲಿ ಅಂತ ಅತಿ ಕೆಂಪಾದ ನಕ್ಷೆಯೊಂದನ್ನೇ ತೋರಿಸಿ ಹೆದರಿಸುತ್ತಾರೆ. ಅದು ಭವಿಷ್ಯವಾಣಿ ಅಲ್ಲ ರೀ. ಇಂಗಾಲದ ಹೊಗೆ ಹೀಗೇ ಏರುತ್ತಾ ಹೋದರೆ ಏನು, ಬೇಗ ಇಳಿಸಿದರೆ ಏನು ಅನ್ನುವ ಬೇರೆ ಬೇರೆ ದಾರಿಗಳ ಲೆಕ್ಕ. ಇನ್ನೊಂದೆರಡು ದಶಕ ಆ ದಾರಿಗಳ ನಡುವೆ ಅಂಥ ವ್ಯತ್ಯಾಸ ಕಾಣುವುದಿಲ್ಲ. 2050 ದಾಟಿದ ಮೇಲೆ ಬಣ್ಣಗಳು ಪೂರಾ ಬೇರೆಯಾಗುತ್ತವೆ. ಇವತ್ತು ಹತ್ತನೇ ಕ್ಲಾಸಲ್ಲಿರುವ ಹುಡುಗಿಗೆ ಆಗ ನಲವತ್ತರ ಆಸುಪಾಸು. ಬರೀ ಕೆಂಪು ನೋಡಿದ ಮಕ್ಕಳು "ಹಾಗಾದ್ರೆ ಏನು ಮಾಡಿ ಏನು ಪ್ರಯೋಜನ" ಅಂತ ಕೈಚೆಲ್ಲುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ, ಮಧ್ಯದ ವ್ಯತ್ಯಾಸ ಯಾರ ಕೈಯಲ್ಲಿದೆ ಅಂತ ತಾವಾಗಿ ಕೇಳುತ್ತಾರೆ.

ಕೊರತೆ ಇರುವುದು ಕನ್ನಡದಲ್ಲಿ. ನಾನು ಬಳಸುವ ಈ ನಕ್ಷೆಗಳ ವಿವರವೆಲ್ಲ ಇಂಗ್ಲಿಷಿನಲ್ಲೇ ಇದೆ, ಕನ್ನಡ ಮಾಧ್ಯಮದ ಮಗು ಎರಡನೇ ಬಟನ್‌ಗೇ ನಿಂತುಬಿಡುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳನ್ನು ಇಟ್ಟಿದೆ. ಆ ಲೆಕ್ಕವನ್ನು ಮಕ್ಕಳು ತಮ್ಮ ಊರಿನ ಹೆಸರು ಒತ್ತಿ ನೋಡುವಂಥ ಸರಳ ಕನ್ನಡ ನಕ್ಷೆಯಾಗಿ ಶಾಲೆಗಳಿಗೆ ಕೊಡಲಿ. ಇದು ದೊಡ್ಡ ಬೇಡಿಕೆಯೇನೂ ಅಲ್ಲ.

ನೆಟ್ ಇಲ್ಲದ ಶಾಲೆಯವರು ಬೇಜಾರು ಮಾಡಿಕೊಳ್ಳಬೇಡಿ, ಬಣ್ಣದ ಪ್ರಿಂಟ್ ಇಟ್ಟುಕೊಂಡೂ ಅರ್ಧ ಪಾಠ ಮಾಡಬಹುದು. ಕರ್ನಾಟಕದ ಭಾಗವನ್ನು 1.5, 2, 3 ಡಿಗ್ರಿಗೆ ಬೇರೆ ಬೇರೆ ತೆಗೆದು, ಜಿಲ್ಲೆಗಳ ಹೆಸರನ್ನು ಕನ್ನಡದಲ್ಲಿ ಹಾಕಿಟ್ಟಿದ್ದೇನೆ. ಬೇಕಾದ ಮೇಷ್ಟ್ರು, ಮೇಡಂಗಳು ಕೇಳಿ, ಕಳಿಸುತ್ತೇನೆ.