ಬೂಸ್ಟರ್ ತರುವ ಮೊದಲು ಆಂಟೆನಾ ಬುಡ ನೋಡಿ

ಅಮೆರಿಕದ ಟೆಕ್ಸಸ್‌ನಲ್ಲಿ ಫೋರ್ಟ್ ವರ್ತ್‌ನಿಂದ ಅಮರಿಲ್ಲೊ ಕಡೆಗೆ 287ನೇ ಹೆದ್ದಾರಿಯಲ್ಲಿ ಹೋಗುವಾಗ ನನ್ನ ಫೋನಿಗೆ ನಡುನಡುವೆ ಸಿಗ್ನಲ್ಲೇ ಇರಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸುಂಟರಗಾಳಿಯ ಎಚ್ಚರಿಕೆ ತಿಳಿಯಲು ರೇಡಿಯೊವೇ ಗತಿ. ಅದಕ್ಕೇ, ಹಳೆ ಪಿಕಪ್ ಟ್ರಕ್ಕಿಗೆ ಹೊಸ ಸ್ಟೀರಿಯೊ ಹಾಕಿಸಿದ ದಿನ ಊರಿನ ರೇಡಿಯೊ ಸ್ಟೇಷನ್ 820 ಎಎಂನಲ್ಲಿ ಬರೀ ಗೊರಗೊರ ಕೇಳಿಸಿದಾಗ ತುಂಬಾ ಬೇಜಾರಾಯಿತು. ಅದು 50 ಕಿಲೋವ್ಯಾಟ್‌ನ ಬಲವಾದ ಸ್ಟೇಷನ್. ಊರೊಳಗೇ ಕೇಳಿಸುತ್ತಿಲ್ಲ ಅಂದರೆ ತಪ್ಪು ಗಾಡಿಯಲ್ಲೇ ಇದೆ ಅಂತ ಅಲ್ವಾ?

ಇಲ್ಲಿಯವರ ಒಂದು ಪದ್ಧತಿ ನನಗೆ ಇಷ್ಟ. ಗಾಡಿಯ ವೈರು ಕತ್ತರಿಸಲ್ಲ. ಆ ಮಾಡೆಲ್ಲಿಗೆಂದೇ ಸಿಗುವ ಹಾರ್ನೆಸ್ (ಪ್ಲಗ್ ಇರುವ ವೈರಿನ ಕಟ್ಟು) ತಂದು ಸಿಕ್ಕಿಸುತ್ತಾರೆ. ನಮ್ಮ ಕಡೆ ವೈರು ಹೆರೆದು, ತಿರುಚಿ, ಟೇಪ್ ಸುತ್ತುತ್ತಾರೆ. ಎರಡು ಬೇಸಿಗೆ ಕಳೆದರೆ ಟೇಪ್ ಬಿಟ್ಟುಕೊಳ್ಳುತ್ತದೆ.

ಆದರೆ ಆಂಟೆನಾ ವಿಷಯಕ್ಕೆ ಬಂದರೆ ಹುಬ್ಬಳ್ಳಿಯ ದಾರಿಯೇ ಸರಿ. ಇಲ್ಲಿ ಕೇಳಿದವರೆಲ್ಲ "ಬೂಸ್ಟರ್ ಹಾಕಿಸು" ಅಂದರು, ಅಂದರೆ ಸಿಗ್ನಲ್ ಹೆಚ್ಚಿಸುವ ಡಬ್ಬಿ. ಬೂಸ್ಟರ್ ಸ್ಟೇಷನ್ನಿನ ಜೊತೆ ಗದ್ದಲವನ್ನೂ ಜಾಸ್ತಿ ಮಾಡುತ್ತದೆ. ನಮ್ಮ ಮಾವನ ಲಾರಿಗೆ ಸೆಟ್ ಕೂರಿಸುತ್ತಿದ್ದ ಎಲೆಕ್ಟ್ರಿಷಿಯನ್ ಮೊದಲು ಬಿಚ್ಚುತ್ತಿದ್ದದ್ದು ಆಂಟೆನಾ ಬುಡವನ್ನು. ಎಮರಿ ಪೇಪರ್ ಹಿಡಿದು ತಗಡು ಬೆಳ್ಳಗೆ ಹೊಳೆಯುವ ತನಕ ಉಜ್ಜುತ್ತಿದ್ದರು. "ಬಣ್ಣದ ಮ್ಯಾಲ ಅರ್ತ್ ಹಿಡಿಯಂಗಿಲ್ರಿ" ಅನ್ನುತ್ತಿದ್ದರು. ಆಮೇಲೆ ಧಾರವಾಡ ಆಕಾಶವಾಣಿಯ 765 ಹಚ್ಚಿ ನೋಡುತ್ತಿದ್ದರು.

ನಾನೂ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೇಲಿನ ಆಂಟೆನಾ ಬಿಚ್ಚಿದೆ. ನಟ್ಟಿನ ಸುತ್ತ ಕಂದು ತುಕ್ಕು. ಉಜ್ಜಿ ಬಿಗಿ ಮಾಡಿದ ಮೇಲೆ ಮಾತು ಅಷ್ಟಿಷ್ಟು ಕೇಳಿಸಿತು. ಉಳಿದ ತೊಂದರೆ ಸೆಟ್ಟಿನ ಹಿಂದಿತ್ತು. ಈ ಟ್ರಕ್ಕಿನ ಆಂಟೆನಾದಲ್ಲಿ ಸಣ್ಣ ಆಂಪ್ಲಿಫೈಯರ್ ಇದೆ, ಅದಕ್ಕೆ 12 ವೋಲ್ಟ್ ಬೇಕು. ಹಳೆ ಸೆಟ್ ಅದನ್ನು ಆಂಟೆನಾ ಕೇಬಲ್ಲಿನಲ್ಲೇ ಕಳಿಸುತ್ತಿತ್ತು. ಹೊಸ ಸೆಟ್ಟಿನಲ್ಲಿ ಪಟ್ಟೆಯಿಲ್ಲದ ನೀಲಿ ವೈರನ್ನು, ಆ ಕೇಬಲ್ಲಿಗೆ ಕರೆಂಟು ಕೊಡುವ ಅಡಾಪ್ಟರಿಗೆ ಜೋಡಿಸಬೇಕು. ಕೂರಿಸಿದವರು ಅದಕ್ಕೆ ಸುಮ್ನೆ ಟೇಪ್ ಸುತ್ತಿ ಬಿಟ್ಟಿದ್ದರು. ಜೋಡಿಸಿದ ಕೂಡಲೇ ಧ್ವನಿ ತಿಳಿಯಾಯಿತು.

ಅಗ್ಗದ ಯುಎಸ್‌ಬಿ ಚಾರ್ಜರ್ ಸಿಕ್ಕಿಸಿದರೆ ಮಾತ್ರ ಈಗಲೂ ಎಎಂ ಗುಯ್‌ಗುಟ್ಟುತ್ತದೆ. ದೂರ ಹೊರಟಾಗ ಅದನ್ನು ಕಿತ್ತಿಡುತ್ತೇನೆ.

ಊರಿಂದ ಸೆಟ್ ತಂದವರಿಗೆ ಇನ್ನೊಂದು ಮಾತು. ಭಾರತದಲ್ಲಿ ಎಎಂ ಸ್ಟೇಷನ್ನುಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಅಮೆರಿಕದಲ್ಲಿ 10. ಸೆಟ್ಟಿಂಗಿನಲ್ಲಿ ಪ್ರದೇಶ ಬದಲಿಸದಿದ್ದರೆ ಸೆಟ್ 819ರಿಂದ ನೇರ 828ಕ್ಕೆ ಹಾರುತ್ತದೆ, 820ರ ಮೇಲೆ ನಿಲ್ಲುವುದೇ ಇಲ್ಲ.